ಪಾಳಿಯ ಬೋರ್ಡು ಬಾಗಿಲಿಗೆ ಬಂದಾಗ

"ನಾನು ತಾಳಿಕೋಟೆಯವಳು. ಗಂಡನ ನೌಕರಿ ಸಲುವಾಗಿ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದು ಎಂಟು ತಿಂಗಳಾಯಿತು. ಮೊನ್ನೆ ಕೆಳಗಿನ ಮನೆಯ ಅಜ್ಜಿ ನಮ್ಮ ಬಾಗಿಲಿಗೆ ಒಂದು ಬೋರ್ಡು ತೂಗುಹಾಕಿ, ಮೆಟ್ಟಿಲು ತೋರಿಸಿ 'ಗುಡಿಸಿ' ಅಂದರು. ಒಬ್ಬರ ಮನೆಗೆ ಹೋದಾಗ ಕೇಕ್ ಬೇಡ ಅಂದೆ, ಎರಡನೇ ಸಲ ಕೇಳಲೇ ಇಲ್ಲ. ರವಿವಾರ ಒಂದೂ ಅಂಗಡಿ ತೆರೆಯುವುದಿಲ್ಲ. ಇವರಿಗೆ ಅಂತಃಕರಣ ಅನ್ನೋದೇ ಇಲ್ವಾ? ಊರಿಂದ ಬಂದ ಶೇಂಗಾ ಹೋಳಿಗೆ ಇನ್ನೂ ಹಂಗೇ ಉಳಿದಿದೆ. ನಾನು ಪರದೇಶಿ ಆಗಿಬಿಟ್ಟೆ."
– ಒಬ್ಬ ಓದುಗರು, ಸ್ಟುಟ್‌ಗಾರ್ಟ್

ಸಂಪಾದಕರ ಉತ್ತರ

ಪ್ರಿಯ ಸಹೋದರಿ,

ವಿಜಯಪುರದ ನಮ್ಮ ಕಚೇರಿಯಲ್ಲಿ ಕೂತು ನಿಮ್ಮ ಪತ್ರ ಎರಡು ಸಲ ಓದಿದೆ. ನಾನೂ ಓದಿನ ಸಲುವಾಗಿ ನಿಮ್ಮ ಹತ್ತಿರದ ಟ್ಯೂಬಿಂಗೆನ್ ಊರಲ್ಲಿ ಎರಡು ವರ್ಷ ಇದ್ದವನು. ಬಾಗಿಲಿಗೆ ಆ ಬೋರ್ಡು ಬಂದ ದಿನ ನನ್ನ ಮುಖವೂ ಸಣ್ಣದಾಗಿತ್ತು. 'ನೀನು ಹೊಲಸು ಮನುಷ್ಯ' ಅಂತ ಯಾರೋ ಅಂದಂಗಾಗಿತ್ತು.

ಅದು ಬೈಗುಳ ಅಲ್ಲ ತಂಗೀ. ಅದಕ್ಕೆ ಅಲ್ಲಿ ಕೇರ್‌ವೋಖೆ ಅಂತಾರೆ, ಅಂದರೆ ಗುಡಿಸುವ ವಾರ. ಕಟ್ಟಡದಲ್ಲಿ ನಾಲ್ಕು ಮನೆ ಇದ್ದರೆ ನಾಲ್ವರಿಗೂ ಒಂದೊಂದು ವಾರ. ಮೆಟ್ಟಿಲು ಗುಡಿಸಿ ಒರೆಸಬೇಕು, ಕಟ್ಟಡದ ಮುಂದಿನ ಫುಟ್‌ಪಾತ್ ನೋಡಿಕೊಳ್ಳಬೇಕು. ವಾರ ಮುಗಿದ ಮೇಲೆ ಬೋರ್ಡನ್ನು ಪಕ್ಕದವರ ಬಾಗಿಲಿಗೆ ಹಾಕಬೇಕು. ಇದರ ಬೇರು 1492ರ ಸ್ಟುಟ್‌ಗಾರ್ಟ್ ಊರಿನ ಕಟ್ಟಳೆಯವರೆಗೂ ಹೋಗುತ್ತದೆ.

ನಮ್ಮ ಕಡೆ ಇದಕ್ಕೆ ಪಾಳಿ ಅಂತೀವಿ, ಅಲ್ವಾ? ಕಾಲುವೆ ನೀರಿಗೆ ಪಾಳಿ. ಗುಡಿಯ ಪೂಜೆಗೆ ಪಾಳಿ. ಕೂಡು ಮನೆಯಲ್ಲಿ ಸೊಸೆಯಂದಿರಿಗೆ ರೊಟ್ಟಿ ಬಡಿಯುವ ಪಾಳಿ. ಪಾಳಿ ಬರುವುದು ಮನೆಯವರಿಗೆ ಮಾತ್ರ, ಬಂದ ಬೀಗರಿಗೆ ಯಾರೂ ಪಾಳಿ ಹಚ್ಚುವುದಿಲ್ಲ. ಆ ಅಜ್ಜಿ ನಿಮ್ಮನ್ನು ಮನೆಯವರ ಲೆಕ್ಕಕ್ಕೆ ಹಿಡಿದಿದ್ದಾರೆ.

ನನ್ನ ಮೊದಲ ಪಾಳಿಯ ದಿನ ಕೆಳಗಿನಿಂದ ಮೇಲಕ್ಕೆ ಗುಡಿಸುತ್ತ ಹೊರಟಿದ್ದೆ. ಎದುರು ಮನೆಯ ಮುದುಕರು ಬಾಗಿಲು ತೆರೆದು ಒಂದು ಗಳಿಗೆ ನೋಡಿದರು. ನನ್ನ ಕೈಯಿಂದ ಕಸಬರಿಗೆ ತಗೊಂಡು ಮೇಲಿನ ಮೆಟ್ಟಿಲಿಗೆ ಹೋದರು. ಅಲ್ಲಿಂದ ಒಂದೊಂದೇ ಮೆಟ್ಟಿಲು ಇಳಿಯುತ್ತ, ಮೂಲೆಯ ಧೂಳನ್ನೂ ಎಳೆದು, ನಾಲ್ಕು ಮೆಟ್ಟಿಲು ಗುಡಿಸಿ ತೋರಿಸಿದರು. ಕಸಬರಿಗೆ ವಾಪಸ್ ಕೊಟ್ಟು ಒಳಗೆ ಹೋದರು. ಮಾತಿಲ್ಲ, ನಗುವಿಲ್ಲ. ಮರುವಾರ ನನ್ನ ಬಾಗಿಲ ಮುಂದೆ ಒಂದು ಚೀಲ ಸೇಬು ಇತ್ತು. ಯಾರಿಟ್ಟಿದ್ದು ಅಂತ ಚೀಟಿಯೂ ಇರಲಿಲ್ಲ. ಅವರೇ ಅಂತ ನನಗೆ ಗೊತ್ತಿತ್ತು.

ಇನ್ನು ಕೇಕಿನ ವಿಷಯ. ನಮ್ಮಲ್ಲಿ ಮೊದಲ 'ಬ್ಯಾಡ್ರಿ' ಅಂದರೆ ಬೇಡ ಅಂತಲ್ಲ. 'ಹಂಗಂದ್ರ ಹೆಂಗ್ರಿ, ಅರ್ಧರೆ ತಗೋರಿ' ಅಂತ ಅವರು ಅನ್ನಬೇಕು, ಆಮೇಲೆ ನಾವು ತಾಟು ಮುಂದೆ ಮಾಡಬೇಕು. ಎಳ್ಳ ಅಮಾಸಿ ದಿನ ಹೊಲದ ದಾರಿಯಲ್ಲಿ ಹೋಗುವವರನ್ನೂ ಕೂಗಿ ಕರೆದು ಸಜ್ಜಿ ರೊಟ್ಟಿ, ಪುಂಡಿ ಪಲ್ಯ ಬಡಿಸುವ ಜನ ನಾವು. ಅಲ್ಲಿ ಬೇಡ ಅಂದರೆ ಬೇಡ. ಮತ್ತೆ ಕೇಳಿದರೆ ನಿಮ್ಮ ಮಾತನ್ನು ನಂಬಲಿಲ್ಲ ಅಂತಾಗುತ್ತದೆ.

ನನ್ನ ಜೊತೆ ಓದಿದ ಜರ್ಮನ್ ಗೆಳೆಯ ಒಮ್ಮೆ ಗೋಳಗುಮ್ಮಟ ನೋಡಲು ಬಂದು ನಮ್ಮ ಮನೆಯಲ್ಲಿ ಉಂಡ. ಐದು ಸಲ 'ಸಾಕು' ಅಂದ. ಐದು ಸಲವೂ ನಮ್ಮವ್ವ ರೊಟ್ಟಿ ಹಾಕಿದಳು. ರಾತ್ರಿ ನನ್ನನ್ನು ಕೇಳಿದ, 'ನಿಮ್ಮ ತಾಯಿ ನನ್ನ ಮಾತು ಯಾಕೆ ನಂಬಲಿಲ್ಲ?' ಅವನಿಗೆ ನಿಜವಾಗಿಯೂ ನೋವಾಗಿತ್ತು. ನೀವು ಹಸಿದು ಮನೆಗೆ ಬಂದಿರಿ, ಅವನು ಹೊಟ್ಟೆ ಬಿರಿಯುವಂತೆ ಉಂಡು ನಿದ್ದೆಗೆಟ್ಟ. ಎರಡು ಮನೆಯವರೂ ಮರ್ಯಾದೆಯನ್ನೇ ಮಾಡಿದ್ದರು.

ರವಿವಾರದ್ದು ಬರೀ ರೂಢಿ ಅಲ್ಲ, ಸಂವಿಧಾನದಲ್ಲೇ ಇದೆ. ರವಿವಾರ ದುಡಿಮೆಗೆ ಬಿಡುವು ಅಂತ 1919ರಲ್ಲಿ ಬರೆದದ್ದನ್ನು 1949ರ ಸಂವಿಧಾನದಲ್ಲೂ ಉಳಿಸಿಕೊಂಡರು. ಹಾಲು, ಬ್ರೆಡ್ಡು ಶನಿವಾರವೇ ತಂದಿಡಿ.

ಮಾತಿನ ಕಡೆಗೂ ಸ್ವಲ್ಪ ಕಿವಿ ಕೊಡಿ. ಅಲ್ಲಿ ಗುರುತಿಲ್ಲದ ದೊಡ್ಡವರಿಗೆ 'ಡೂ' ಅನ್ನುವಂತಿಲ್ಲ, 'ಝೀ' ಅನ್ನಬೇಕು. ನಮ್ಮ 'ನೀ' ಮತ್ತು 'ನೀವು' ಇದ್ದಂಗೆ. ಮಾತು ಮಾತಿಗೆ 'ರೀ' ಹಚ್ಚುವ ನಮಗೆ ಇದು ಕಷ್ಟವಾಗಬಾರದು. ಹೊರಡುವಾಗ ನಾವು 'ಹೋಗ್ತೀನಿ' ಅನ್ನುವುದಿಲ್ಲ, 'ಬರ್ತೀನ್ರಿ' ಅಂತೀವಿ. ಅವರ 'ಔಫ್ ವೀಡರ್‌ಝೇಯೆನ್' ಅಂದರೂ ಮತ್ತೆ ನೋಡೋಣ ಅಂತಲೇ ಅರ್ಥ.

ಪತ್ರದ ಕೊನೆಗೆ 'ಪರದೇಶಿ ಆಗಿಬಿಟ್ಟೆ' ಅಂತ ಬರೆದಿದ್ದೀರಿ. ನಮ್ಮ ಕಡೆ ಆ ಮಾತಿಗೆ ದಿಕ್ಕಿಲ್ಲದವರು ಅಂತಲೂ ಅರ್ಥ ಇದೆ. ಅದು ಓದಿ ಕರುಳು ಚುರ್ ಅಂತು. ಆದರೆ ಒಂದು ನೆನಪಿಡಿ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರತಂದ ಹರ್ಮನ್ ಮೊಗ್ಲಿಂಗ್ ನಿಮ್ಮ ಆ ಸೀಮೆಯವರೇ. ಸ್ಟುಟ್‌ಗಾರ್ಟ್ ಪಕ್ಕದ ಎಸ್ಲಿಂಗೆನ್‌ನಲ್ಲಿ 1881ರಲ್ಲಿ ತೀರಿಕೊಂಡರು. 1894ರಲ್ಲಿ ನಮಗೆ ನಿಘಂಟು ಕೊಟ್ಟ ಕಿಟ್ಟೆಲ್ ಅವರ ಕೊನೆಯ ದಿನಗಳು ಟ್ಯೂಬಿಂಗೆನ್‌ನಲ್ಲಿ ಕಳೆದವು. ಇಬ್ಬರೂ ನಮ್ಮ ನಡುವೆ ಪರದೇಶಿಗಳಾಗಿಯೇ ಇದ್ದವರು. ನಮ್ಮ ಜನ ಆಡುವ ಗಾದೆಗಳನ್ನೂ ಕಿಟ್ಟೆಲ್ ಬಿಡದೆ ಬರೆದುಕೊಂಡರು. ನೀವೂ ಒಂದು ನೋಟ್‌ಬುಕ್ ಇಡಿ. ಅಲ್ಲಿ ಕಂಡದ್ದು, ಕೇಳಿದ್ದು ಎಲ್ಲ ಬರೆಯಿರಿ. ನಮಗೆ ಕಳಿಸಿ, ಖುಷಿಯಿಂದ ಅಚ್ಚು ಹಾಕುತ್ತೇವೆ.

ಊರಿಂದ ಬಂದ ಶೇಂಗಾ ಹೋಳಿಗೆ ಇನ್ನೂ ಉಳಿದಿದೆ ಅಂತ ಬರೆದಿದ್ದೀರಲ್ಲ. ಈ ಶನಿವಾರ ಮೆಟ್ಟಿಲು ಮುಗಿಸಿ, ಬೋರ್ಡು ಪಕ್ಕದ ಬಾಗಿಲಿಗೆ ಹಾಕಿ, ಎರಡು ಹೋಳಿಗೆ ತಗೊಂಡು ಆ ಅಜ್ಜಿಯ ಮನೆಗೆ ಇಳಿದು ಹೋಗಿ. ತಗೊಳ್ತೀರಾ ಅಂತ ಒಂದೇ ಸಲ ಕೇಳಿ.