ಕೈದಿಗಳು ಕರ್ಚೀಫಿನ ಮೇಲೆ ಪೆನ್ನಲ್ಲಿ ಬಿಡಿಸೋ ಚಿತ್ರಕ್ಕೆ ಏನಂತಾರೆ? ಬಟ್ಟೆ ಮೇಲೆ ಶಾಯಿ ಹರಡಲ್ವಾ?

ನೀವು ನೋಡಿರೋದು ಪಾನ್ಯೋ. ಸ್ಪ್ಯಾನಿಷ್‌ನಲ್ಲಿ ಬಟ್ಟೆ ಅಂತಷ್ಟೇ ಅರ್ಥ. ಅಮೆರಿಕದ ನ್ಯೂ ಮೆಕ್ಸಿಕೊ, ಟೆಕ್ಸಾಸ್, ಕ್ಯಾಲಿಫೋರ್ನಿಯಾ ಕಡೆಯ ಜೈಲುಗಳಲ್ಲಿ ಹಿಸ್ಪಾನೊ, ಚಿಕಾನೊ (ಸ್ಪ್ಯಾನಿಷ್, ಮೆಕ್ಸಿಕನ್ ಮೂಲದ) ಕೈದಿಗಳು 1940ರ ದಶಕದ ಹೊತ್ತಿಗೇ ಇದರಲ್ಲಿ ಕೈ ಪಳಗಿಸಿದ್ದರು.

ಶಾಯಿಯ ಅನುಮಾನ ನನಗೂ ಇತ್ತು. ಒಂದು ಭಾನುವಾರ ಮನೆಯ ಬಿಳಿ ಕರ್ಚೀಫೊಂದನ್ನು ಬಲಿ ಕೊಟ್ಟೆ. ಫೌಂಟನ್ ಪೆನ್ ಇಟ್ಟ ಕಡೆ ಶಾಯಿ ನೂಲು ಹಿಡಿದು ಓಡಿ ಜೇಡರ ಕಾಲಿನ ಹಾಗಾಯ್ತು. ಬಾಲ್‌ಪೆನ್ನಿನದು ಎಣ್ಣೆಯಂಥ ಮಂದ ಶಾಯಿ, ಇಟ್ಟಲ್ಲೇ ಕೂರುತ್ತೆ. ಷರ್ಟಿನ ಜೇಬಿಗೆ ಅದರ ಕಲೆ ಆದವರಿಗೆ ಇದನ್ನ ಹೇಳಬೇಕಾಗಿಲ್ಲ. ತೊಂದರೆ ಬೇರೆ: ಪೆನ್ನು ಎಳೆದತ್ತ ಬಟ್ಟೆಯೂ ಬರುತ್ತೆ. ಹೆಂಡತಿಯ ಕಸೂತಿ ರಿಂಗಿಗೆ ಬಿಗಿದ ಮೇಲೆ ಗೆರೆ ನೆಟ್ಟಗಾಯ್ತು. ನೆರಳು ಬೇಕಾದಲ್ಲಿ ಒತ್ತಬಾರದು, ಸವರಿದ ಹಾಗೆ ಸಣ್ಣ ಸಣ್ಣ ಗೀಟು ಹಾಕ್ತಾ ಹೋಗಬೇಕು. ಸಂಜೆವರೆಗೂ ಕೂತು ಒಂದು ಗುಲಾಬಿ ಬರೆದೆ, ಬಂದದ್ದು ಎಲೆಕೋಸು.

ಆ ಕೈದಿಗಳು ಬರೆಯೋದು ಗ್ವಾಡಲೂಪೆ ಮಾತೆ (ಮೆಕ್ಸಿಕೊದವರು ಪೂಜಿಸೋ ಮೇರಿ ಮಾತೆ), ಮುಳ್ಳಿನ ಕಿರೀಟದ ಯೇಸು, ಮುಳ್ಳೇ ಇಲ್ಲದ ಗಡಿಯಾರ, ಮರಳು ಗಡಿಯಾರ, ಕಾವಲು ಗೋಪುರ, ಕಣ್ಣೀರಿಡುವ ಹೆಣ್ಣಿನ ಮುಖ, ಒಂದು ನಗುವ ಒಂದು ಅಳುವ ಜೋಡಿ ಮುಖವಾಡ. ಅಲ್ಲಿನ ಹಚ್ಚೆಗಳಲ್ಲೂ ಇವೇ ಚಿತ್ರಗಳು.

ಆದರೆ ನನ್ನ ಕೇಳಿದರೆ, ಇದನ್ನ ಚಿತ್ರ ಅನ್ನೋದಕ್ಕಿಂತ ಬಟ್ಟೆ ಮೇಲೆ ಬರೆದ ಕಾಗದ ಅನ್ನಬೇಕು. ಕರ್ಚೀಫೇ ಯಾಕೆ ಅಂದರೆ, ಅದು ಜೈಲಿನ ಅಂಗಡಿಯಲ್ಲಿ ಸಿಗುತ್ತೆ, ಅಗ್ಗ, ಮಡಚಿದರೆ ಲಕೋಟೆಯೊಳಗೆ ಕೂರುತ್ತೆ. ಅದೂ ಇಲ್ಲದಾಗ ಹಾಸಿಗೆಯ ಬಟ್ಟೆ ಹರಿದು ಬರೆದವರಿದ್ದಾರೆ. ಹೋಗೋದು ಅಮ್ಮನಿಗೆ, ಹೆಂಡತಿಗೆ, ಹುಟ್ಟುಹಬ್ಬಕ್ಕೆ ಮಗಳಿಗೆ. ಮಗಳಿಗೆ ಹೋಗೋದರಲ್ಲಿ ಮಾತೆಯ ಬದಲು ಕಾರ್ಟೂನ್ ಗೊಂಬೆಗಳೂ ಇರ್ತವೆ. ಚಿತ್ರ ಬಿಡಿಸೋಕೆ ಬರದವನು ಬರೋವನ ಕೈಲಿ ಬರೆಸ್ತಾನೆ, ಬದಲಿಗೆ ಅಂಚೆಚೀಟಿ, ತಿಂಡಿ ಕೊಡ್ತಾನೆ, ಹಿಂದೆಲ್ಲ ಸಿಗರೇಟೂ ಕೊಡ್ತಿದ್ದ. ಹಾಗಾಗಿ ಎಷ್ಟೋ ಪಾನ್ಯೋಗಳಲ್ಲಿ ಪ್ರೀತಿ ಒಬ್ಬನದು, ಕೈ ಇನ್ನೊಬ್ಬನದು. ನ್ಯೂ ಮೆಕ್ಸಿಕೊದ ಆಲ್ಬುಕರ್ಕಿಯ ನ್ಯಾಷನಲ್ ಹಿಸ್ಪಾನಿಕ್ ಕಲ್ಚರಲ್ ಸೆಂಟರ್ ಇಂಥವನ್ನು ಪ್ರದರ್ಶನಕ್ಕೂ ಇಟ್ಟಿತ್ತು.

ನಿಮ್ಮ ಕೈಗೇ ಒಂದು ಸಿಕ್ಕಿದ್ದರೆ ಬಿಸಿಲು ಬೀಳೋ ಗೋಡೆಗೆ ಹಾಕಬೇಡಿ, ಬಾಲ್‌ಪೆನ್ ಶಾಯಿ ಬೆಳಕಿಗೆ ಮಾಸುತ್ತೆ. ಮಡಿಕೆಯ ಗೆರೆ ಹೋಗಲಿ ಅಂತ ಇಸ್ತ್ರಿಯನ್ನಂತೂ ಮಾಡಲೇಬೇಡಿ. ಲಕೋಟೆಯಲ್ಲಿ ಬಂದದ್ದು ಅನ್ನೋದಕ್ಕೆ ಉಳಿದಿರೋದು ಅದೊಂದೇ ಗುರುತು.