ಸ್ಕೀ ಬೋಟ್‌ಗೆ ಮುಂಗಡ ಕೊಡುವ ಮುಂಚೆ ವೇ ಬ್ರಿಡ್ಜ್ ಹತ್ತಿಸಿ

ಅಣ್ಣ, ನಿಮ್ಮ ಪೋಸ್ಟಿನ ಫೋಟೋಗಳನ್ನೆಲ್ಲ ನೋಡಿದೆ. ಕರಾವಳಿಯಲ್ಲಿ ನಿಂತಿರುವ 19 ಅಡಿಯ ಹಳೇ ಸ್ಕೀ ಬೋಟ್ (ನೀರಿನ ಮೇಲೆ ಸ್ಕೀ ಮಾಡುವವರನ್ನು ಹಗ್ಗದಲ್ಲಿ ಎಳೆಯುವ ಬೋಟ್), 5.7 ಲೀಟರ್ ವಿ8, ಡೈರೆಕ್ಟ್ ಡ್ರೈವ್ (ಎಂಜಿನ್ ಬೋಟಿನ ನಡುವೆ, ಅದರಿಂದ ಶಾಫ್ಟ್ ನೇರ ತಳದ ಕೆಳಗಿನ ಪ್ರೊಪೆಲ್ಲರಿಗೆ), ಹೊಸ ಪೈಂಟ್, ಹೊಸ ಸೀಟ್ ಕವರ್, ಮೀಟರಿನಲ್ಲಿ 400 ಗಂಟೆ. ಮಾಲೀಕರು ಹೋಸ್ ಪೈಪ್ ಸಿಕ್ಕಿಸಿ ಐದು ನಿಮಿಷ ಸ್ಟಾರ್ಟ್ ಮಾಡಿ ತೋರಿಸಿದ್ದಾರೆ, ಕೊಡಗಿನ ಹಾರಂಗಿ ಜಲಾಶಯದಲ್ಲಿ ಮನೆಯವರ ಜೊತೆ ಓಡಿಸಲು ಇದಕ್ಕೆ ಭಾನುವಾರ ಮುಂಗಡ ಕೊಡಲಾ ಅಂತ ಕೇಳಿದ್ದೀರಿ. ಕೊಡಬೇಡಿ. ಹೋಸ್ ಪೈಪಿನಲ್ಲಿ ಓಡಿದ್ದನ್ನು ನೋಡಿ ಒಪ್ಪಿಕೊಳ್ಳುವ ತಪ್ಪನ್ನು ನಾನೂ ಮಾಡಿದವನೇ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಹೋಸಿನಲ್ಲಿ ಓಡುವ ಎಂಜಿನ್‌ಗೆ ಲೋಡ್ ಇಲ್ಲ. ಬಿಸಿಯಾಗುವ ಎಂಜಿನ್ ಅಲ್ಲಿ ಬಿಸಿಯಾಗುವುದಿಲ್ಲ, ಜಾರುವ ಗೇರ್‌ಬಾಕ್ಸ್ ಅಲ್ಲಿ ಜಾರುವುದಿಲ್ಲ, ಸೊಟ್ಟಗಿರುವ ಶಾಫ್ಟ್ ಅಲ್ಲಿ ನಡುಗುವುದಿಲ್ಲ. ಅದಕ್ಕಿಂತ ದೊಡ್ಡದು, ಈ ಬೋಟಿನಲ್ಲಿ ಎಂಜಿನ್ ಎರಡನೇ ಮಾತು. ಮೊದಲನೇದು ಫ್ಲೋರಿನ ಕೆಳಗಿನ ಮರ. 1990ರ ದಶಕದ ಆರಂಭದವರೆಗೆ ಬಂದ ಎಷ್ಟೋ ಸ್ಕೀ ಬೋಟ್‌ಗಳ ಸ್ಟ್ರಿಂಗರ್ (ತಳದ ಉದ್ದಕ್ಕೂ ಹೋಗುವ ತೊಲೆ) ಮರದ್ದು, ಮೇಲೆ ಫೈಬರ್ ಹೊದಿಕೆ, ಸಂದಿಗಳಲ್ಲಿ ಫೋಮ್. ಒಂದು ಸ್ಕ್ರೂ ತೂತಿನಿಂದ ನೀರು ಇಳಿದರೂ ಸಾಕು, ಹೊರಗೆ ಬರಲು ದಾರಿಯಿಲ್ಲ. ಬಿಳಿ ಕಾಂಡ ಕೊರಕ ಹಿಡಿದ ಅರೇಬಿಕಾ ಗಿಡದ ಹಾಗೆ: ಮೊದಮೊದಲು ಎಲೆ ಹಸಿರಾಗೇ ಇರುತ್ತದೆ, ಒಳಗೆ ಕಾಂಡ ಪುಡಿ. ಹೊಸ ಪೈಂಟ್, ಹೊಸ ಕಾರ್ಪೆಟ್ ಕಂಡರೆ ನನಗೆ ಸಂತೋಷಕ್ಕಿಂತ ಅನುಮಾನವೇ ಜಾಸ್ತಿ.

ಇದಕ್ಕೆ ನಾನು ಎಲ್ಲರಿಗೂ ಹೇಳುವ ಪರೀಕ್ಷೆ ಒಂದೇ, ತೂಕ. ಬೋಟನ್ನು ಲಾರಿಗೆ ಹತ್ತಿಸಿ ಕಾಫಿ ಲೋಡ್ ತೂಗುವ ವೇ ಬ್ರಿಡ್ಜ್‌ಗೆ ತನ್ನಿ. ಖಾಲಿ ಲಾರಿ ಒಂದು ಸಲ, ಬೋಟ್ ಹೇರಿದ ಲಾರಿ ಒಂದು ಸಲ. ಬೋಟ್ ಕೂರಿಸುವ ಮರದ ದಿಮ್ಮಿ, ಹಗ್ಗ ಎಲ್ಲ ಎರಡೂ ಸಲ ಲಾರಿಯಲ್ಲೇ ಇರಲಿ, ಡ್ರೈವರ್ ಎರಡೂ ಸಲ ಇಳಿಯಲಿ, ನಡುವೆ ಡೀಸೆಲ್ ಹಾಕಿಸಬೇಡಿ. ಡ್ರೈನ್ ಪ್ಲಗ್ ಹಿಂದಿನ ದಿನವೇ ಬಿಚ್ಚಿ, ಮೂತಿ ಎತ್ತರಕ್ಕೆ ನಿಲ್ಲಿಸಿ ಬಿಲ್ಜ್ (ಫ್ಲೋರಿನ ಕೆಳಗೆ ನೀರು ಸೇರುವ ತಳ) ಪೂರ್ತಿ ಖಾಲಿ ಮಾಡಿಸಿ. ಈಗ ಲೆಕ್ಕ ಹಾಕಿ. ಆ ಮಾದರಿಯ ಕೆಟಲಾಗಿನಲ್ಲಿ ಒಣ ತೂಕ 1,100 ಕಿಲೋ ಅಂತ ಇದೆ ಎಂದುಕೊಳ್ಳಿ. ಟ್ಯಾಂಕಿನಲ್ಲಿ 60 ಲೀಟರ್ ಪೆಟ್ರೋಲ್ ಇದ್ದರೆ ಸುಮಾರು 45 ಕಿಲೋ, ಬ್ಯಾಟರಿ 20, ಲಂಗರು, ಹಗ್ಗ, ಜಾಕೆಟ್ ಸೇರಿ 30. ಒಟ್ಟು 1,195. ಚೀಟಿಯಲ್ಲಿ 1,220 ಬಂದರೆ ಚಿಂತೆಯಿಲ್ಲ, ವೇ ಬ್ರಿಡ್ಜ್ 10-20 ಕಿಲೋದ ಹೆಜ್ಜೆಯಲ್ಲೇ ತೋರಿಸುವುದು. 1,350 ಬಂದರೆ? 150 ಕಿಲೋಗೂ ಮೇಲೆ, ಅಂದರೆ ಮೂರು ಚೀಲ ಕಾಫಿಯಷ್ಟು ನೀರು ಫೋಮಿನಲ್ಲಿ ಕೂತಿದೆ. ಆರು ತಿಂಗಳು ಶೆಡ್ಡಿನಲ್ಲಿ ಇಟ್ಟರೂ ಅದು ಆರುವುದಿಲ್ಲ. ಅಂಥ ಬೋಟಿಗೆ ಫ್ಲೋರ್ ಕತ್ತರಿಸಿ, ಫೋಮ್ ಕೆರೆದು ತೆಗೆದು, ಸ್ಟ್ರಿಂಗರ್ ಬದಲಿಸಬೇಕು. ಆ ಖರ್ಚು ಬೋಟಿನ ಬೆಲೆಯನ್ನೇ ಮೀರಬಹುದು.

ಈ ಲೆಕ್ಕಕ್ಕೂ ಷರತ್ತುಗಳಿವೆ. ಇನ್‌ಬೋರ್ಡ್ ಬೋಟಿನ (ಎಂಜಿನ್ ಒಳಗೇ ಇರುವುದು) ಕೆಟಲಾಗ್ ತೂಕದಲ್ಲಿ ಎಂಜಿನ್ ಸೇರಿರುತ್ತದೆ, ಔಟ್‌ಬೋರ್ಡ್ ಬೋಟಿನದ್ದರಲ್ಲಿ (ಎಂಜಿನ್ ಹಿಂದೆ ಹೊರಗೆ ತೂಗುವುದು) ಹೆಚ್ಚಾಗಿ ಸೇರಿರುವುದಿಲ್ಲ. ಅದನ್ನು ಮರೆತರೆ ಒಳ್ಳೇ ಬೋಟನ್ನೂ ಸುಮ್ಮನೆ ಬಿಟ್ಟುಬಿಡುತ್ತೀರಿ. ಟವರ್ (ಎಳೆಯುವ ಹಗ್ಗ ಕಟ್ಟುವ ಎತ್ತರದ ಚೌಕಟ್ಟು), ದೊಡ್ಡ ಸ್ಪೀಕರ್, ಎರಡನೇ ಬ್ಯಾಟರಿ ಆಮೇಲೆ ಹಾಕಿಸಿದ್ದರೆ ಅದನ್ನೂ ಕಳೆಯಿರಿ. ತೂಕ ಸರಿ ಬಂತು ಅಂದ ಮಾತ್ರಕ್ಕೆ ಮರ ಗಟ್ಟಿ ಅಂತಲೂ ಅಲ್ಲ, ಒಣಗಿದ ಕೊಳೆತ ಮರ ಹಗುರ. ಹಾಗಾಗಿ ಸ್ಕ್ರೂ ಡ್ರೈವರಿನ ಪ್ಲಾಸ್ಟಿಕ್ ಹಿಡಿಯಲ್ಲಿ ಸ್ಟ್ರಿಂಗರ್ ಉದ್ದಕ್ಕೂ ನಾಲ್ಕು ಬೆರಳಿಗೊಮ್ಮೆ ತಟ್ಟಿಕೊಂಡು ಹೋಗಿ. ಹಲಸಿನಕಾಯಿ ತಟ್ಟಿ ನೋಡುವ ಕಿವಿ ಇರುವವರಿಗೆ ಇದು ಕಷ್ಟವಲ್ಲ. ಗಟ್ಟಿ ಮರ ಟಕ್ ಟಕ್ ಅನ್ನುತ್ತದೆ, ಕೊಳೆತದ್ದು ದಬ್ ಅಂತ ಸದ್ದನ್ನು ನುಂಗುತ್ತದೆ. ಆಮೇಲೆ ಎಂಜಿನ್ ಮೌಂಟಿನ ಲ್ಯಾಗ್ ಬೋಲ್ಟ್‌ಗಳಿಗೆ ಸ್ಪ್ಯಾನರ್ ಹಾಕಿ ಬಿಗಿಯುವ ದಿಕ್ಕಿಗೆ ನಿಧಾನ ಒತ್ತಿ. ಹಿಡಿತವೇ ಇಲ್ಲದೆ ಸುತ್ತುತ್ತಾ ಹೋದರೆ ಅಲ್ಲಿ ಮರ ಉಳಿದಿಲ್ಲ. ಅಲ್ಲಿಗೆ ಮಾತು ಮುಗಿಸಿ ಊರಿಗೆ ಬನ್ನಿ. ಸ್ಕೀ ಹಗ್ಗ ಕಟ್ಟುವ ಕಂಬದ ಬುಡದಲ್ಲಿ ಫ್ಲೋರ್ ಬಿರುಕು ಬಿಟ್ಟಿದೆಯಾ ಅಂತ ಕಾರ್ಪೆಟ್ ಎತ್ತಿಸಿ ನೋಡಿ, ಎಳೆತದ ಭಾರವೆಲ್ಲ ಅಲ್ಲೇ ಬೀಳುವುದು. ಬಿರುಕಿಗೆ ಕಾರಿನ ಬಾಡಿ ಪುಟ್ಟಿ ಮೆತ್ತಿ ಪೈಂಟ್ ಹೊಡೆದಿರುತ್ತಾರೆ, ಉಗುರಲ್ಲಿ ಕೆರೆದರೆ ಗೊತ್ತಾಗುತ್ತದೆ. ರಿಪೇರಿ ಮಾಡಿಸಿದ್ದೇವೆ ಅಂದರೆ ಯಾವ ರೆಸಿನ್ ಅಂತ ಕೇಳಿ. ಹಳೇ ಫೈಬರಿನ ಮೇಲೆ ಪಾಲಿಯೆಸ್ಟರ್ ಅಷ್ಟು ಹಿಡಿಯುವುದಿಲ್ಲ, ಎಪಾಕ್ಸಿ ಹಿಡಿಯುತ್ತದೆ.

ಎಂಜಿನ್ ವಿಷಯಕ್ಕೆ ಬಂದರೆ, ಹೋದ ಕೂಡಲೇ ಬ್ಲಾಕಿನ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ನಿಮಗಿಂತ ಮುಂಚೆ ಸ್ಟಾರ್ಟ್ ಮಾಡಿಟ್ಟಿದ್ದಾರೆ, ಕೋಲ್ಡ್ ಸ್ಟಾರ್ಟ್ ಕಷ್ಟ ಇರಬಹುದು. ಇನ್ನೊಂದು ದಿನ ಬರುತ್ತೇನೆ ಅನ್ನಿ. ಎಂಟೂ ಪ್ಲಗ್ ಬಿಚ್ಚಿ ಕಂಪ್ರೆಶನ್ (ಸಿಲಿಂಡರಿನೊಳಗಿನ ಒತ್ತಡ) ನೋಡಿಸಿ. ಒಂದಕ್ಕೊಂದು ಶೇ. 10ರೊಳಗೆ ಇರಬೇಕು, 15 ದಾಟಿದರೆ ಬೇಡ. ಪಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಡಿಮೆ ಬಂದರೆ ಹೆಡ್ ಗ್ಯಾಸ್ಕೆಟ್. ಆಯಿಲ್ ಹಾಲು ಬೆರೆಸಿದ ಕಾಫಿಯ ಹಾಗಿದ್ದರೆ ಒಳಗೆ ನೀರು. ಗೇರ್‌ಬಾಕ್ಸ್ ಎಣ್ಣೆ ಸ್ಟ್ರಾಬೆರಿ ಮಿಲ್ಕ್‌ಶೇಕ್ ಬಣ್ಣ ಆಗಿದ್ದರೂ ಅದೇ ಕಥೆ. ಗಂಟೆ ಮೀಟರ್ ನೋಡಿ ಮರುಳಾಗಬೇಡಿ, ವರ್ಷಗಟ್ಟಲೆ ನಿಂತ 400 ಗಂಟೆಯದ್ದಕ್ಕಿಂತ ವರ್ಷವೂ ಓಡಿದ 900 ಗಂಟೆಯದ್ದು ವಾಸಿ.

ಇದು ಉಪ್ಪುನೀರಿನ ಬೋಟ್, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹಳೇ ಸ್ಕೀ ಬೋಟ್‌ಗಳನ್ನು ಸಿಹಿನೀರಿನ ಕೆರೆಗೆ ಅಂತ ಮಾಡಿದ್ದು, ಹೊರಗಿನ ನೀರೇ ನೇರ ಬ್ಲಾಕಿನೊಳಗೆ ತಿರುಗುತ್ತದೆ. ಸಮುದ್ರದಲ್ಲಿ ಓಡಿಸಿದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್, ರೈಸರ್‌ಗಳಿಗೆ (ಎಂಜಿನ್ ಹೊಗೆ ಹೊರಹೋಗುವ ಕಬ್ಬಿಣದ ಕೊಳವೆಗಳು) ಐದಾರು ವರ್ಷವೇ ಆಯಸ್ಸು. ತುಕ್ಕು ತಿಂದು ತೂತಾದರೆ ನೀರು ನೇರ ಸಿಲಿಂಡರಿಗೆ ಇಳಿಯುತ್ತದೆ. ರೈಸರ್ ಜೋಡಣೆಯ ಕೆಳಗೆ ಕೆಂಪು ಗೆರೆ ಇಳಿದಿದೆಯಾ ನೋಡಿ, ಇದ್ದರೆ ಬಿಚ್ಚಿಸಿ ಒಳಗೆ ಟಾರ್ಚ್ ಹಾಕಿ. ಇನ್ನು ಮೇಲೆ ಹಾರಂಗಿಯ ನೀರಿನಲ್ಲೇ ಇಡುವುದಾದರೆ ಜಿಂಕ್ ಆನೋಡ್ (ಬೇರೆ ಲೋಹದ ಭಾಗಗಳ ಬದಲು ತಾನು ಸವೆಯುವ ತುಂಡು) ತೆಗೆದು ಮೆಗ್ನೀಶಿಯಂ ಹಾಕಿಸಿ. ಸಿಹಿನೀರಿನಲ್ಲಿ ಜಿಂಕ್ ಸರಿಯಾಗಿ ಕೆಲಸ ಮಾಡುವುದಿಲ್ಲ.

ಹಾರಂಗಿ ಅಂದಾಗ ನೆನಪಾಯಿತು, ಇಲ್ಲಿ ಯಾರೂ ಹೇಳದ ವಿಷಯ ಒಂದಿದೆ. ಜಲಾಶಯದ ಗರಿಷ್ಠ ಮಟ್ಟ ಸಮುದ್ರದಿಂದ 2,859 ಅಡಿ. ಸಾವಿರ ಅಡಿಗೆ ಶೇ. 3ರಂತೆ ಎಂಜಿನ್ ಬಲ ಇಳಿಯುತ್ತದೆ, ಅಂದರೆ ಇಲ್ಲಿ ಶೇ. 8-9 ಕಡಿಮೆ. ಕರಾವಳಿಯಲ್ಲಿ ಚೆನ್ನಾಗಿ ಎದ್ದು ಓಡಿದ ಬೋಟ್ ಇಲ್ಲಿ ಐದಾರು ಜನ ಕೂತರೆ ಮೂತಿ ಎತ್ತಿಕೊಂಡು ನೀರು ಉಳುತ್ತದೆ. ಎಂಜಿನ್ ಹಾಳಾಯಿತು ಅಂತ ಬಿಚ್ಚಿ ಕೂರಬೇಡಿ. ಒಂದಿಂಚು ಕಡಿಮೆ ಪಿಚ್‌ನ (ಪಿಚ್ ಅಂದರೆ ಒಂದು ಸುತ್ತಿಗೆ ಮುಂದೆ ಹೋಗುವ ಲೆಕ್ಕದ ದೂರ) ಪ್ರೊಪೆಲ್ಲರ್ ಹಾಕಿದರೆ ಸುಮಾರು 150-200 ಆರ್‌ಪಿಎಂ ವಾಪಸ್ ಬರುತ್ತದೆ. ಕಾರ್ಬ್ಯುರೇಟರ್ ಎಂಜಿನ್ ಆದರೆ ಪ್ಲಗ್ ಕಪ್ಪಾಗುತ್ತದೆ, ಜೆಟ್ ಒಂದು ಸೈಜ್ ಇಳಿಸಿ. ಫುಲ್ ಥ್ರಾಟಲ್‌ನಲ್ಲಿ ಕೈಪಿಡಿಯಲ್ಲಿ ಹೇಳಿದ ಆರ್‌ಪಿಎಂ ಬರಲೇಬೇಕು, ಅದೂ ಮನೆಯವರೆಲ್ಲ ಕೂತಿರುವಾಗ. ಟ್ರಯಲ್‌ಗೆ ಹೋಗುವಾಗ ನೀವೊಬ್ಬರೇ ಹೋಗದೆ ಆರು ಜನರನ್ನು ಕರೆದುಕೊಂಡು ಹೋಗಿ.

ಆದರೆ ನನ್ನ ನೇರ ಅಭಿಪ್ರಾಯ ಕೇಳಿದರೆ, ಕೊಡಗಿನ ನೀರಿಗೆ ಡೈರೆಕ್ಟ್ ಡ್ರೈವ್ ಬೇಡವೇ ಬೇಡ. ಪ್ರೊಪೆಲ್ಲರ್, ರಡ್ಡರ್ (ಚುಕ್ಕಾಣಿ), ಶಾಫ್ಟ್ ಎಲ್ಲ ಹೊಟ್ಟೆಯ ಕೆಳಗೆ ಇಳಿದು ಕೂತಿರುತ್ತವೆ, ಎತ್ತಲು ಬರುವುದಿಲ್ಲ. ಬೇಸಿಗೆಯಲ್ಲಿ ನೀರಿಳಿದಾಗ ಹಿನ್ನೀರಿನ ಮರದ ಬೊಡ್ಡೆಗೆ ಒಮ್ಮೆ ತಗುಲಿದರೆ ಶಾಫ್ಟ್, ಅದನ್ನು ಹಿಡಿದಿರುವ ಸ್ಟ್ರಟ್ ಎರಡೂ ಹೋಯಿತು, ಕೆಟ್ಟದಾಗಿ ತಗುಲಿದರೆ ತಳವೇ ಹರಿಯುತ್ತದೆ. ದುಬಾರೆ ಕಡೆಯ ಹೊಳೆಯಲ್ಲಂತೂ ಬರೀ ಬಂಡೆ, ಅಲ್ಲಿ ಇದರ ಹೆಸರೇ ಎತ್ತಬೇಡಿ. ತೋಟದ ಕೆರೆಯಲ್ಲಿ ಓಡಿಸುತ್ತೇನೆ ಅಂತ ನಿಮ್ಮ ಪೋಸ್ಟಿನ ಕೆಳಗೆ ಒಬ್ಬರು ಬರೆದಿದ್ದಾರೆ. ಸ್ಲಾಲಮ್ ಕೋರ್ಸೇ (ಸ್ಕೀ ಮಾಡುವವರು ತೇಲುಗುಂಡುಗಳನ್ನು ಬಳಸಿ ಹೋಗುವ ಹಾದಿ) 259 ಮೀಟರ್, ಅದರಾಚೆ ವೇಗ ಏರಿಸಲು, ಇಳಿಸಲು ಜಾಗ ಬೇಕು. ಕೆರೆ ಏರಿಯನ್ನು ಅಲೆ ಕೊರೆದು ಹಾಕುತ್ತದೆ ಸ್ವಾಮಿ. ಮಕ್ಕಳನ್ನು ಟ್ಯೂಬಿನಲ್ಲಿ ಎಳೆಯಲು ಗಂಟೆಗೆ 25-30 ಕಿಮೀ ಸಾಕು. ಅದಕ್ಕೆ ವಿ8 ಯಾಕೆ? ಎಳೆಯುವ ಕೆಲಸದಲ್ಲಿ ಗಂಟೆಗೆ 15-20 ಲೀಟರ್ ಕುಡಿಯುತ್ತದೆ, ಪೆಟ್ರೋಲ್ ನೂರು ರೂಪಾಯಿ ದಾಟಿದೆ, ಲೆಕ್ಕ ನೀವೇ ಹಾಕಿ.

16-17 ಅಡಿಯ ಹಲ್ (ಬೋಟಿನ ಮೈ), 60ರಿಂದ 90 ಎಚ್‌ಪಿ ಫೋರ್ ಸ್ಟ್ರೋಕ್ ಔಟ್‌ಬೋರ್ಡ್ ಹುಡುಕಿ. ಬೊಡ್ಡೆಗೆ ತಗುಲಿದರೆ ಎಂಜಿನ್ನಿನ ಕಾಲು (ನೀರಿಗೆ ಇಳಿಯುವ ಕೆಳಭಾಗ) ಮೇಲಕ್ಕೆ ಒದ್ದುಕೊಳ್ಳುತ್ತದೆ, ಹೆಚ್ಚೆಂದರೆ ಪ್ರೊಪೆಲ್ಲರ್ ಹೋಗುತ್ತದೆ. ಯಮಹಾ ಅಥವಾ ಸುಜುಕಿ ಆದರೆ ಮಂಗಳೂರು, ಮಲ್ಪೆ ಬದಿಯಲ್ಲಿ ಕೈ ಹಾಕುವ ಮೆಕ್ಯಾನಿಕ್ ಸಿಗುತ್ತಾರೆ. ಎವಿನ್‌ರೂಡ್ ಎಷ್ಟೇ ಅಗ್ಗಕ್ಕೆ ಬಂದರೂ ಬೇಡ, 2020ರಲ್ಲೇ ತಯಾರಿಕೆ ನಿಂತಿದೆ. ಓಎಂಸಿ ಸ್ಟರ್ನ್‌ಡ್ರೈವ್ (ಎಂಜಿನ್ ಒಳಗೆ, ಪ್ರೊಪೆಲ್ಲರಿನ ಕಾಲು ಹಿಂದೆ ಹೊರಗೆ) ಇರುವ ಹಳೇ ಬೋಟ್ ಕೂಡ ಬೇಡ, ಆ ಕಂಪನಿ 2000ದಲ್ಲೇ ದಿವಾಳಿ ಆಗಿದೆ. ಔಟ್‌ಬೋರ್ಡ್ ಆದರೆ ಟ್ರಾನ್ಸಮ್ ನೋಡುವುದು ಮುಖ್ಯ. ಕಾಲನ್ನು ಹಿಡಿದು ಮೇಲೆ ಕೆಳಗೆ ಒತ್ತಿ, ಹಿಂದಿನ ಹಲಗೆ ಅಲುಗಿದರೆ ಒಳಗಿನ ಪ್ಲೈವುಡ್ ಹೋಗಿದೆ.

ಇಷ್ಟು ಹೇಳಿದ ಮೇಲೂ ಇನ್‌ಬೋರ್ಡ್ ಬೇಕೇ ಬೇಕು ಅಂದರೆ ಒಂದು ಮಾತು ದಯವಿಟ್ಟು ಕೇಳಿ. ಸ್ಟಾರ್ಟರ್, ಆಲ್ಟರ್ನೇಟರ್ ಹೋದಾಗ ಊರಿನ ಮೆಕ್ಯಾನಿಕ್ ಕಾರಿನದ್ದೇ ಕೂರುತ್ತದೆ ಅನ್ನುತ್ತಾರೆ. ಕೂರುತ್ತದೆ, ಓಡುತ್ತದೆ ಕೂಡ. ಆದರೆ ಮರೀನ್ ಭಾಗದಲ್ಲಿ ಕಿಡಿ ಹೊರಗೆ ಬಾರದಂತೆ ಮುಚ್ಚಿರುತ್ತಾರೆ, ಕಾರಿನದ್ದರಲ್ಲಿ ಇಲ್ಲ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಬಿಲ್ಜಿನಲ್ಲಿ ಹೋಗಿ ಕೂರುತ್ತದೆ. ಒಂದು ಕಿಡಿ ಸಾಕು, ಮಕ್ಕಳು ಕೂತಿರುವುದು ಅದರ ಮೇಲೇ. ಮಾಲೀಕರ ಬೋಟಿನಲ್ಲೂ ಈ ಭಾಗಗಳು ಮರೀನ್ ಹೌದಾ ಅಂತ ಪ್ಲೇಟ್ ಓದಿ ನೋಡಿ. ಬ್ಲೋವರ್ (ಬಿಲ್ಜಿನ ಆವಿ ಹೊರಗೆ ಎಳೆಯುವ ಫ್ಯಾನ್) ನಾಲ್ಕು ನಿಮಿಷ ಓಡಿಸದೆ, ಎಂಜಿನ್ ಪೆಟ್ಟಿಗೆ ತೆಗೆದು ಮೂಸಿ ನೋಡದೆ ಕೀ ತಿರುಗಿಸಬೇಡಿ. ಈಗಿನ 20 ಪರ್ಸೆಂಟ್ ಎಥೆನಾಲ್ ಪೆಟ್ರೋಲ್ ಹಳೇ ರಬ್ಬರ್ ಪೈಪನ್ನು ಮೆತ್ತಗೆ ಮಾಡುತ್ತದೆ, ಹಾಗಾಗಿ ಬೋಟ್ ತಂದ ದಿನವೇ ಟ್ಯಾಂಕಿನಿಂದ ಕಾರ್ಬ್ಯುರೇಟರ್‌ವರೆಗೆ ಎಥೆನಾಲ್ ತಡೆಯುವ ಮರೀನ್ ಹೋಸ್ ಹಾಕಿಸಿ, ಜೊತೆಗೆ ನೀರು ಬೇರ್ಪಡಿಸುವ ಫಿಲ್ಟರ್. ಇಂಪೆಲ್ಲರ್ (ಎಂಜಿನ್ ತಣ್ಣಗಿಡುವ ನೀರಿನ ಪಂಪಿನ ರಬ್ಬರ್ ಚಕ್ರ) ಕೂಡ ಅವತ್ತೇ ಹೊಸದು, ಹಳೇದರ ವಯಸ್ಸು ಯಾರಿಗೂ ಗೊತ್ತಿರುವುದಿಲ್ಲ. ಎಂಜಿನ್ ಓಡುತ್ತಿರುವಾಗ ಹಿಂದಿನ ಹಲಗೆಯ ಮೇಲೆ ಮಕ್ಕಳು ಕೂರಕೂಡದು. ಹೊಗೆಯ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಎಚ್ಚರ ತಪ್ಪಿ ನೀರಿಗೆ ಬೀಳುತ್ತಾರೆ. ಮಕ್ಕಳ ಜಾಕೆಟ್‌ಗೆ ತೊಡೆಸಂದಿಯ ಪಟ್ಟಿ ಇರಲೇಬೇಕು, ಇಲ್ಲದಿದ್ದರೆ ಜಾಕೆಟ್ ಮೇಲೆ ತೇಲುತ್ತದೆ, ಮಗು ಕೆಳಗೆ ಜಾರುತ್ತದೆ. ಓಪನ್ ಬೋ (ಮೂತಿಯಲ್ಲೂ ಕೂರುವ ಜಾಗ) ಇರುವ ಸ್ಕೀ ಬೋಟಿನ ಮೂತಿ ತಗ್ಗು. ಮುಂದೆ ಮೂರು ಜನ ಕೂತು ತಟ್ಟನೆ ಥ್ರಾಟಲ್ ಬಿಟ್ಟರೆ ತನ್ನದೇ ಅಲೆ ಒಳಗೆ ನುಗ್ಗುತ್ತದೆ.

ಕಾಗದ ಪತ್ರ: 2021ರ ಒಳನಾಡು ಹಡಗುಗಳ ಕಾಯ್ದೆ ಪ್ರಕಾರ ಎಂಜಿನ್ ಇರುವ ಬೋಟಿಗೆ ನೋಂದಣಿ, ಸರ್ವೆ, ವಿಮೆ ಬೇಕು. ಹಲ್ ನಂಬರ್, ಎಂಜಿನ್ ನಂಬರ್ ಎರಡೂ ಕಾಗದದಲ್ಲಿ ಇರುವಂತೆಯೇ ಇದೆಯಾ ಅಂತ ನಿಮ್ಮ ಕಣ್ಣಾರೆ ನೋಡಿ. ಹಾರಂಗಿಯಲ್ಲಿ ಇಳಿಸಲು ಕಾವೇರಿ ನೀರಾವರಿ ನಿಗಮದ ಲಿಖಿತ ಅನುಮತಿ ಮೊದಲು, ಬೋಟ್ ಆಮೇಲೆ. ತಂದು ಕಣದಲ್ಲಿ ನಿಲ್ಲಿಸಿಕೊಂಡು ಅರ್ಜಿ ಬರೆಯಬೇಡಿ.

ಟ್ರೈಲರಿನಲ್ಲೇ ಸಂಪಾಜೆ ಘಾಟಿ ಹತ್ತಿಸುತ್ತೇನೆ ಅಂದಿದ್ದೀರಿ. ಉಪ್ಪುನೀರಿಗೆ ಇಳಿದ ಟ್ರೈಲರಿನ ಬೇರಿಂಗ್ ನಂಬಬೇಡಿ, ಬಿಸಿ ಹಬ್ ತಣ್ಣೀರಿಗೆ ಇಳಿದಾಗ ನೀರು ಒಳಗೆ ಎಳೆದುಕೊಂಡಿರುತ್ತದೆ. ಹೇಗೂ ತೂಕಕ್ಕೆ ಲಾರಿ ಬೇಕು, ಅದರಲ್ಲೇ ತನ್ನಿ. ಅದೂ ಮಳೆ ಹಿಡಿಯುವ ಮುಂಚೆ.

ತಂದ ಮೇಲೆ ಮೊದಲ ಮಳೆಗಾಲ ದಾಟಿಸುವುದೇ ದೊಡ್ಡ ಕೆಲಸ. ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ನೀಲಿ ಟಾರ್ಪಾಲ್ ಬಿಗಿದು ಕಟ್ಟಿಟ್ಟರೆ ಸೀಟಿನ ಕೆಳಗಿನ ಪ್ಲೈವುಡ್ ಎರಡು ತಿಂಗಳಲ್ಲಿ ಬೂಸ್ಟು ಹಿಡಿದು ಕೊಳೆಯುತ್ತದೆ. ಶೆಡ್ಡಿನಲ್ಲಿ, ಮೂತಿ ಒಂದಡಿ ಎತ್ತರಕ್ಕೆ, ಪ್ಲಗ್ ಬಿಚ್ಚಿ, ಸೀಟುಗಳನ್ನು ಮನೆಯ ಅಟ್ಟಕ್ಕೆ ಸಾಗಿಸಿ, ಫ್ಲೋರ್ ಮುಚ್ಚಳ ತೆರೆದು ಇಡಿ. ಬ್ಲಾಕಿನ ನೀರು ಇಳಿಸಿ. ನಮ್ಮಲ್ಲಿ ಹೆಪ್ಪುಗಟ್ಟುವ ಚಳಿ ಇಲ್ಲದಿದ್ದರೂ ತುಕ್ಕಿಗಾಗಿ ಇಳಿಸಬೇಕು. ಇಲಿ ವೈರಿಂಗ್ ಕಡಿಯುತ್ತದೆ, ಎಕ್ಸಾಸ್ಟ್ ಬಾಯಿಗೆ ಜಾಲರಿ ಹಾಕಿ. ಸ್ಟಾರ್ಟ್ ಮಾಡುವ ಮುಂಚೆ ತೆಗೆಯಲು ಮರೆಯದಂತೆ ಕೀಲಿಗೇ ಒಂದು ಚೀಟಿ ಕಟ್ಟಿ.

ಭಾನುವಾರ ಹೋಗುವುದಾದರೆ ಹೋಗಿ, ದುಡ್ಡು ಮನೆಯಲ್ಲೇ ಬಿಟ್ಟು ಹೋಗಿ. ಕಂಪ್ರೆಶನ್ ಗೇಜ್, ಟಾರ್ಚ್, ಸ್ಕ್ರೂ ಡ್ರೈವರ್, ಸ್ಪ್ಯಾನರ್, ಒಂದು ಬಿಳಿ ಬಟ್ಟೆ ಸಾಕು. ‘ಲಾರಿ ಬಾಡಿಗೆ ನಾನೇ ಕೊಡುತ್ತೇನೆ, ತೂಗಿಸಿ ಬರೋಣ’ ಅಂತ ಮಾಲೀಕರಿಗೆ ಹೇಳಿ. ಒಪ್ಪಿದರೆ ಚೀಟಿಯ ಫೋಟೋ, ಮಾದರಿಯ ಹೆಸರು, ವರ್ಷ ಇಲ್ಲೇ ಹಾಕಿ, ಲೆಕ್ಕ ಕೂಡಿ ನೋಡೋಣ.