ದೊಡ್ಡ ಕಾರ್ಖಾನೆಯನ್ನು ನಮ್ಮ ಪ್ರದೇಶಕ್ಕೆ ಕರೆತರಲು ಯಾವ ರಿಯಾಯಿತಿ ಕೊಡಬೇಕು?

ನಾನಿದ್ದ ಅಭಿವೃದ್ಧಿ ಸಮಿತಿಯೂ ನಿಮ್ಮ ಹಾಗೆಯೇ ರಿಯಾಯಿತಿಯ ಲೆಕ್ಕದಿಂದಲೇ ಕೆಲಸ ಆರಂಭಿಸಿತ್ತು. ಕಡಿಮೆ ದರದ ಭೂಮಿ, ತೆರಿಗೆ ವಿನಾಯಿತಿ, ರಸ್ತೆ, ನೀರು ಎಲ್ಲವನ್ನೂ ಒದಗಿಸಿದೆವು, ಕಾರ್ಖಾನೆ ಬಂದಿತು.

ಎಷ್ಟು ಜನರಿಗೆ ಕೆಲಸ ಸಿಗುತ್ತದೆ ಎಂದು ಕೇಳಿದೆವೇ ಹೊರತು, ಎಂಥ ಕೆಲಸ, ಕಾರ್ಖಾನೆ ತನಗೆ ಬೇಕಾದದ್ದನ್ನು ಯಾರಿಂದ ಕೊಳ್ಳುತ್ತದೆ ಎಂದು ನಾವು ಕೇಳಲಿಲ್ಲ. ಒಪ್ಪಂದದಲ್ಲಿ ಸ್ಥಳೀಯ ಖರೀದಿಯ ಬಗ್ಗೆ ಒಂದು ಷರತ್ತೂ ಇರಲಿಲ್ಲ. ಯಂತ್ರಗಳ ದುರಸ್ತಿ, ಸಾಗಣೆ, ಪ್ಯಾಕಿಂಗ್, ಕೊನೆಗೆ ಕ್ಯಾಂಟೀನಿನ ಗುತ್ತಿಗೆ ಕೂಡ ಹೊರಗಿನವರ ಪಾಲಾಯಿತು. ತಾಂತ್ರಿಕ ಹುದ್ದೆಗಳಿಗೆ ಬೇಕಾದ ತರಬೇತಿ ನಮ್ಮ ಯುವಕರಿಗೆ ಇರಲಿಲ್ಲವಾದ್ದರಿಂದ ಅವರಿಗೆ ದಕ್ಕಿದ್ದು ಕಾವಲು, ಲೋಡಿಂಗ್, ಸ್ವಚ್ಛತೆಯ ದಿನಗೂಲಿ ಮಾತ್ರ. ವಿನಾಯಿತಿಯ ಅವಧಿ ಮುಗಿದ ಮೇಲೆ ಕಾರ್ಖಾನೆ ಬೇರೆಡೆಗೆ ಹೋಯಿತು. ಅದನ್ನು ನೆಚ್ಚಿ ಹುಟ್ಟಿ, ಅದು ಹೋದ ಮೇಲೂ ನಡೆಯಬಲ್ಲ ಒಂದು ಸಣ್ಣ ಘಟಕವೂ ಇಲ್ಲಿ ಬೆಳೆದಿರಲಿಲ್ಲ. ಕಾರ್ಖಾನೆಯವರನ್ನು ನಾನು ದೂರುವುದಿಲ್ಲ. ನಾವು ಕೇಳದ್ದನ್ನು ಅವರು ಕೊಡಲಿಲ್ಲ, ಅಷ್ಟೆ.

ಕಾರ್ಮಿಕರೇ ಒಡೆಯರಾದ ಸಹಕಾರಿ ಉದ್ದಿಮೆಗಳ ಸಮೂಹವೊಂದು ಬೆಳೆದ ಸ್ಪೇನಿನ ಮೊಂಡ್ರಾಗೊನ್‌ನ ಚರಿತ್ರೆಯನ್ನು ಓದಿದಾಗ ನಮ್ಮ ಕೆಲಸದ ಕ್ರಮವೇ ತಲೆಕೆಳಗಾಗಿತ್ತೆಂದು ನನಗೆ ತಿಳಿಯಿತು. 1941ರಲ್ಲಿ ಆ ಊರಿಗೆ ಬಂದ ಪಾದ್ರಿ ಅರಿಸ್ಮೆಂಡಿಯಾರಿಯೆತಾ 1943ರಲ್ಲಿ ತಾಂತ್ರಿಕ ಶಾಲೆಯನ್ನು ಆರಂಭಿಸಿದರು. ಅವರ ಐವರು ಶಿಷ್ಯರು 1956ರಲ್ಲಿ ಒಲೆ ತಯಾರಿಸುವ ಉಲ್ಗೊರ್ ಘಟಕವನ್ನು ಕಟ್ಟಿದರು. ಜನರ ಉಳಿತಾಯವನ್ನು ಅಲ್ಲಿನ ಉದ್ದಿಮೆಗಳಿಗೇ ತೊಡಗಿಸುವ ಸಹಕಾರಿ ಬ್ಯಾಂಕ್ 1959ರಲ್ಲಿ ಬಂದಿತು. ಉಲ್ಗೊರ್‌ನಿಂದ ಬೆಳೆದ ಫಾಗೊರ್ ಗೃಹೋಪಕರಣ ಕಂಪನಿ 2013ರಲ್ಲಿ ದಿವಾಳಿಯಾದಾಗ, ಅದರ ಅನೇಕ ಕಾರ್ಮಿಕರಿಗೆ ಸಮೂಹದ ಬೇರೆ ಸಹಕಾರಿ ಘಟಕಗಳು ಕೆಲಸ ಕೊಟ್ಟವು. ಒಂದೇ ಕಾರ್ಖಾನೆಯನ್ನು ನಂಬಿದ್ದ ನಮಗೆ ಅಂಥ ಆಸರೆ ಇರಲಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯ ಮೂಲವನ್ನೇ ನಾನು ಒಪ್ಪುವುದಿಲ್ಲ. ರಿಯಾಯಿತಿಯ ಪಟ್ಟಿಗಿಂತ ಮೊದಲು ನಿಮ್ಮಲ್ಲಿನ ಆಸ್ಪತ್ರೆ, ಕಾಲೇಜು, ಸ್ಥಳೀಯ ಆಡಳಿತಗಳು ವರ್ಷವಿಡೀ ಏನನ್ನು, ಎಲ್ಲಿಂದ ಕೊಳ್ಳುತ್ತವೆ ಎಂಬ ಪಟ್ಟಿಯನ್ನು ಮಾಡಿ, ಏಕೆಂದರೆ ಆ ಸಂಸ್ಥೆಗಳು ಜಾಗ ಬಿಟ್ಟು ಹೋಗುವಂಥವಲ್ಲ. ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಕಾರ್ಮಿಕರದೇ ಒಡೆತನದ ಎವರ್‌ಗ್ರೀನ್ ಲಾಂಡ್ರಿ 2009ರಲ್ಲಿ ಆರಂಭವಾದದ್ದು ಇಂಥ ಬೇಡಿಕೆಯನ್ನು ಗುರುತಿಸಿಯೇ. ಆ ಪಟ್ಟಿಯಲ್ಲಿರುವ ಯಾವುದನ್ನು ನಿಮ್ಮವರು ಪೂರೈಸಬಲ್ಲರೋ ಅದಕ್ಕೆ ತರಬೇತಿಯನ್ನೂ ಸಾಲವನ್ನೂ ಹೊಂದಿಸಿ. ಇಷ್ಟಾದ ಮೇಲೂ ಕಾರ್ಖಾನೆ ಬೇಕೆನಿಸಿದರೆ ಭೂಮಿಯನ್ನು ಮಾರದೆ ಗುತ್ತಿಗೆಗೆ ಕೊಡಿ. ಸ್ಥಳೀಯ ಖರೀದಿ, ತರಬೇತಿ, ಅವಧಿಗೆ ಮುಂಚೆ ಹೊರಟರೆ ವಿನಾಯಿತಿಯ ಹಣವನ್ನು ಮರಳಿಸುವುದು, ಈ ಮೂರನ್ನೂ ಸಹಿಗೆ ಮೊದಲೇ ಕರಾರಿನಲ್ಲಿ ಬರೆಸಿಕೊಳ್ಳಿ.